ಹೊಸ ಸಿಸ್ಟಮ್ ಬಂತು, ಲ್ಯಾಬ್ ರಿಪೋರ್ಟ್ ನಿಂತಿತು: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಆಸ್ಪತ್ರೆಯ ಹಳೆ ಸಾಫ್ಟ್‌ವೇರ್ ತೆಗೆದು ಹೊಸದು ಹಾಕಿದ ಮೇಲೆ ನೂರೆಂಟು ದೂರು ಬರುತ್ತವೆ. ಅದರಲ್ಲಿ ನಿಜಕ್ಕೂ ನಿದ್ದೆ ಕೆಡಿಸುವುದು ಇದು: "ಲ್ಯಾಬ್‌ನವರು ಕಳಿಸಿದ್ದೀವಿ ಅಂತಾರೆ, ಡಾಕ್ಟರ್ ಸ್ಕ್ರೀನ್‌ನಲ್ಲಿ ಏನೂ ಇಲ್ಲ." ಬಿಲ್ ಪ್ರಿಂಟ್ ಆಗದಿದ್ದರೆ ಕೌಂಟರ್ ಮುಂದೆ ಜಗಳ ಆಗುತ್ತದೆ, ಅಷ್ಟೇ. ಪೊಟ್ಯಾಸಿಯಂ ವಿಪರೀತ ಏರಿದ ರಿಪೋರ್ಟ್ ಕಾಣದಿದ್ದರೆ ಜೀವಕ್ಕೇ ಕುತ್ತು. ಹಾಗಾಗಿ ಇಲ್ಲಿ ಈ ಒಂದು ದೋಷದ ಬಗ್ಗೆ ಮಾತ್ರ ಬರೆದಿದ್ದೇನೆ.

ರಿಪೋರ್ಟ್ ಬರುವ ದಾರಿ ಸಾಮಾನ್ಯವಾಗಿ ಹೀಗಿರುತ್ತದೆ. ಪರೀಕ್ಷೆ ಮಾಡುವ ಮಷಿನ್‌ನಿಂದ ಲ್ಯಾಬ್ ಸಾಫ್ಟ್‌ವೇರ್‌ಗೆ. ಅಲ್ಲಿಂದ ಇಂಟರ್‌ಫೇಸ್ ಎಂಜಿನ್‌ಗೆ, ಅಂದರೆ ಮೆಸೇಜ್ ತೆಗೆದುಕೊಂಡು ಮುಂದಕ್ಕೆ ದಾಟಿಸುವ ನಡುವಿನ ಸಾಫ್ಟ್‌ವೇರ್‌ಗೆ. ಅಲ್ಲಿಂದ ರೋಗಿಯ ದಾಖಲೆ ಇಡುವ ಸಾಫ್ಟ್‌ವೇರ್‌ಗೆ, ಅಂದರೆ ಡಾಕ್ಟರ್ ನೋಡುವ ಸ್ಕ್ರೀನ್‌ಗೆ. ನಡುವೆ ಓಡಾಡುವುದು ಬಹುಪಾಲು ಎಚ್‌ಎಲ್7 ಆವೃತ್ತಿ 2ರ ಮೆಸೇಜ್‌ಗಳು. ಎಚ್‌ಎಲ್7 ಎಂದರೆ ಆಸ್ಪತ್ರೆಯ ಸಾಫ್ಟ್‌ವೇರ್‌ಗಳು ಮಾಹಿತಿ ಹಂಚಿಕೊಳ್ಳುವ ನಿಗದಿತ ಮಾದರಿ. ಎಚ್‌ಎಲ್7 ಸಂಸ್ಥೆ ಶುರುವಾಗಿದ್ದು 1987ರಲ್ಲಿ. ಅದೇ ಸಂಸ್ಥೆಯ ಹೊಸ ಮಾದರಿ ಎಫ್‌ಎಚ್‌ಐಆರ್ ಬಂದು ವರ್ಷಗಳೇ ಆದರೂ ಲ್ಯಾಬ್ ಕಡೆ ಈ ಹಳೆಯ, ಪೈಪ್ ಗೆರೆಗಳಿಂದ ಖಾನೆ ಬೇರ್ಪಡಿಸಿದ ಮೆಸೇಜೇ ಇನ್ನೂ ಹೊರೆ ಹೊರುತ್ತಿದೆ.

ಮೊದಲು ಫೋನ್, ಆಮೇಲೆ ಲಾಗ್

ಲಾಗ್ (ಸಾಫ್ಟ್‌ವೇರ್ ತಾನು ಮಾಡಿದ್ದನ್ನು ಬರೆದಿಡುವ ಪಟ್ಟಿ) ತೆರೆಯುವ ಮುಂಚೆ ಲ್ಯಾಬ್‌ಗೆ ಹೇಳಿ. ಅಪಾಯದ ಮಟ್ಟದ ಫಲಿತಾಂಶ ಬಂದರೆ ಈಗಿನಿಂದಲೇ ವಾರ್ಡ್‌ಗೆ ಫೋನ್ ಮಾಡಬೇಕು, ಆ ಕಡೆಯವರು ಸಂಖ್ಯೆಯನ್ನು ತಿರುಗಿ ಓದಿ ಹೇಳಬೇಕು. ಉಳಿದವು ಪ್ರಿಂಟ್ ಆಗಿ ಕೈಯಿಂದ ಹೋಗಲಿ. ನಿಮಗೆ ಹುಡುಕಲು ಎಷ್ಟು ಹೊತ್ತು ಬೇಕಾಗುತ್ತದೋ ಯಾರಿಗೂ ಗೊತ್ತಿಲ್ಲ, ರೋಗಿ ಅಲ್ಲಿಯವರೆಗೆ ಕಾಯಲು ಆಗುವುದಿಲ್ಲ.

ದೂರು "ಬರ್ತಿಲ್ಲ" ಎಂದಲ್ಲದೆ "ಬೇರೆಯವರದ್ದು ಬಂದಿದೆ" ಎಂದಿದ್ದರೆ ಯೋಚನೆ ಮಾಡುತ್ತ ಕೂರಬೇಡಿ. ಆ ಇಂಟರ್‌ಫೇಸ್ ಅನ್ನು ಕೂಡಲೇ ನಿಲ್ಲಿಸಿ. ಬಾರದ ರಿಪೋರ್ಟನ್ನು ಡಾಕ್ಟರ್ ಕೇಳುತ್ತಾರೆ. ತಪ್ಪು ಹೆಸರಲ್ಲಿ ಬಂದದ್ದನ್ನು ನಂಬಿ ಔಷಧಿ ಬರೆದುಬಿಡುತ್ತಾರೆ.

ಕೈಗೆ ಒಂದು ಉದಾಹರಣೆ ಸಿಗಲಿ

"ರಿಪೋರ್ಟ್ ಬರ್ತಿಲ್ಲ" ಅಂದರೆ ಅದರಲ್ಲಿ ಸುಳಿವು ಏನೂ ಇಲ್ಲ. ಒಬ್ಬ ರೋಗಿಯ ನಂಬರ್, ಸ್ಯಾಂಪಲ್‌ನ ಬಾರ್‌ಕೋಡ್, ಯಾವ ಟೆಸ್ಟ್, ಲ್ಯಾಬ್‌ನಲ್ಲಿ ಎಷ್ಟು ಗಂಟೆಗೆ ಓಕೆ ಮಾಡಿದರು, ಇಷ್ಟು ಬರೆದುಕೊಳ್ಳಿ. ಹಾಗೇ ಅದೇ ಹೊತ್ತಿನಲ್ಲಿ ಸರಿಯಾಗಿ ಬಂದ ಇನ್ನೊಂದು ರಿಪೋರ್ಟ್ ಇದ್ದರೆ ಅದನ್ನೂ ಹಿಡಿದಿಟ್ಟುಕೊಳ್ಳಿ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಅರ್ಧ ಕೆಲಸ ಮುಗಿದಂತೆ.

ಆಮೇಲೆ ಒಂದೇ ಪ್ರಶ್ನೆ: ಯಾವುದೂ ಬರುತ್ತಿಲ್ಲವೋ, ಕೆಲವು ಬರುತ್ತಿಲ್ಲವೋ? ಯಾವುದೂ ಬರದಿದ್ದರೆ ದಾರಿ ಕಡಿದಿದೆ. ಕೆಲವು ಬರದಿದ್ದರೆ ದಾರಿ ಚೆನ್ನಾಗಿದೆ, ಮೆಸೇಜ್‌ನ ಒಳಗೆ ಏನೋ ಇದೆ. ಈ ಎರಡನ್ನು ಬೆರೆಸಿಕೊಂಡರೆ ಕೇಬಲ್ ಬದಲಿಸುತ್ತಾ ದಿನ ಕಳೆಯುತ್ತೀರಿ, ತಪ್ಪು ಮಾತ್ರ ಟೆಸ್ಟ್ ಕೋಡ್‌ನಲ್ಲಿ ಕೂತಿರುತ್ತದೆ.

ಹುಡುಕಾಟ ಒಂದು ತುದಿಯಿಂದ ಶುರು ಮಾಡಬೇಡಿ. ನಡುವಿನ ಇಂಟರ್‌ಫೇಸ್ ಎಂಜಿನ್‌ನಿಂದ ಶುರು ಮಾಡಿ. ಆ ಬಾರ್‌ಕೋಡ್‌ನ ಮೆಸೇಜ್ ಎಂಜಿನ್‌ಗೆ ಬಂದಿದೆಯಾ? ಬಂದಿಲ್ಲ ಅಂದರೆ ದೋಷ ಲ್ಯಾಬ್ ಕಡೆ. ಬಂದು ಮುಂದೆ ಹೋಗಿದ್ದರೆ ಡಾಕ್ಟರ್ ಸ್ಕ್ರೀನ್ ಕಡೆ. ಒಂದೇ ನೋಟಕ್ಕೆ ಅರ್ಧ ದಾರಿ ಸಂಶಯದಿಂದ ಆಚೆ ಹೋಗುತ್ತದೆ.

ಯಾವುದೂ ಬರುತ್ತಿಲ್ಲ

ಸುಲಭದ್ದನ್ನು ಬೇಗ ಮುಗಿಸಿ. ಸರ್ವರ್ ರೀಸ್ಟಾರ್ಟ್ ಆದ ಮೇಲೆ ಸರ್ವೀಸ್ ತಾನಾಗಿ ಎದ್ದಿದೆಯಾ? ಆ ಸರ್ವೀಸ್ ನಡೆಸುವ ಖಾತೆಯ ಪಾಸ್‌ವರ್ಡ್ ಅವಧಿ ಮುಗಿದಿದೆಯಾ? ಡಿಸ್ಕ್ ತುಂಬಿದೆಯಾ? ಪಿಂಗ್ ಹೋಗುತ್ತದೆ (ಸರ್ವರ್ ಉತ್ತರ ಕೊಡುತ್ತದೆ) ಎಂದರೆ ಸಾಲದು, ಆ ಪೋರ್ಟ್ (ಮೆಸೇಜ್ ಒಳಬರುವ ಬಾಗಿಲು) ತೆರೆದಿದೆಯಾ ಎಂದು ಟೆಲ್‌ನೆಟ್‌ನಿಂದ ನೋಡಿ. ಲ್ಯಾಬ್ ಕಡೆಯ ಸೆಟ್ಟಿಂಗ್‌ನಲ್ಲಿ ಹಳೆ ಸರ್ವರ್‌ನ ಐಪಿ ವಿಳಾಸವನ್ನೇ ಯಾರೋ ಕೈಯಿಂದ ಬರೆದಿಟ್ಟಿರುವುದು ಬಹಳ ಸಾಮಾನ್ಯ.

ಇವೆಲ್ಲ ಸರಿ ಇದ್ದರೆ ಕ್ಯೂ, ಅಂದರೆ ಹೊರಡಲು ಕಾಯುತ್ತಿರುವ ಮೆಸೇಜ್‌ಗಳ ಸರದಿ ನೋಡಿ. ಲ್ಯಾಬ್ ಮೆಸೇಜ್‌ಗಳು ಸಾಮಾನ್ಯವಾಗಿ ಬಂದ ಕ್ರಮದಲ್ಲೇ ಹೋಗಬೇಕು, ಮೊದಲನೆಯದು ಹೋಗದೆ ಎರಡನೆಯದು ಹೊರಡುವುದಿಲ್ಲ. ಒಂದೇ ಒಂದು ಕೆಟ್ಟ ಮೆಸೇಜ್ ತಲೆಯಲ್ಲಿ ಸಿಕ್ಕಿಕೊಂಡರೆ ಹಿಂದೆ ಸಾವಿರ ನಿಲ್ಲುತ್ತವೆ. ಎಲ್ಲರೂ ದೂರು ಬಂದ ರೋಗಿಯ ಮೆಸೇಜ್ ಹುಡುಕುತ್ತಾರೆ. ನೀವು ಕ್ಯೂನ ಮೊದಲನೆಯದನ್ನು ನೋಡಿ. ಅದನ್ನು ಅಳಿಸಬೇಡಿ. ಪಕ್ಕಕ್ಕೆ ಎತ್ತಿಡಿ, ಉಳಿದವು ಹೋಗಲಿ. ಎತ್ತಿಟ್ಟದ್ದೂ ಒಬ್ಬ ರೋಗಿಯ ರಿಪೋರ್ಟೇ, ಮರೆಯಬೇಡಿ.

ಇನ್ನೊಂದು ದೋಷ ಬಂದು ಹೋಗಿ ಆಟ ಆಡಿಸುತ್ತದೆ. ಹಗಲೆಲ್ಲ ಚೆನ್ನಾಗಿ ನಡೆಯುತ್ತದೆ, ಬೆಳಗಿನ ಮೊದಲ ರಿಪೋರ್ಟ್ ಮಾತ್ರ ಮಾಯ. ಅಥವಾ ರಜೆ ಮುಗಿದ ಮಾರನೇ ದಿನ ಮಾತ್ರ. ಇಲ್ಲಿ ಫೈರ್‌ವಾಲ್ ಮೇಲೆ ಕಣ್ಣಿಡಿ. ಹಳೆ ಲ್ಯಾಬ್ ಸಾಫ್ಟ್‌ವೇರ್ ಪ್ರತಿ ಮೆಸೇಜ್‌ಗೂ ಹೊಸ ಸಂಪರ್ಕ ತೆರೆದು ಮುಚ್ಚುತ್ತಿತ್ತು. ಹೊಸದು ಒಂದೇ ಸಂಪರ್ಕವನ್ನು ದಿನವಿಡೀ ತೆರೆದಿಡುತ್ತದೆ. ರಾತ್ರಿ ಸದ್ದಿಲ್ಲದಿದ್ದಾಗ ಫೈರ್‌ವಾಲ್ ಆ ಸಂಪರ್ಕವನ್ನು ತನ್ನ ಪಟ್ಟಿಯಿಂದ ತೆಗೆದುಹಾಕುತ್ತದೆ, ಎರಡೂ ತುದಿಗೆ ಹೇಳುವುದೂ ಇಲ್ಲ. ಬೆಳಿಗ್ಗೆ ಕಳಿಸಿದ ಮೊದಲ ಮೆಸೇಜ್ ಗಾಳಿಗೆ ಹೋಗುತ್ತದೆ. "ಕೀಪ್‌ಅಲೈವ್ ಆನ್ ಇದೆಯಲ್ಲ" ಎಂದು ನೆಟ್‌ವರ್ಕ್‌ನವರು ಹೇಳಬಹುದು. ಕೀಪ್‌ಅಲೈವ್ ಎಂದರೆ ಸುಮ್ಮನಿರುವ ಸಂಪರ್ಕ ಇನ್ನೂ ಇದೆಯಾ ಎಂದು ತಟ್ಟಿ ನೋಡುವುದು. ಆದರೆ ಸೆಟ್ಟಿಂಗ್ ಬದಲಿಸದಿದ್ದರೆ ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ಅದು ಮೊದಲ ಸಲ ತಟ್ಟುವುದು 2 ಗಂಟೆ ಸುಮ್ಮನಿದ್ದ ಮೇಲೆ. ಫೈರ್‌ವಾಲ್ 1 ಗಂಟೆಗೇ ಕೈಬಿಟ್ಟರೆ ಏನು ಪ್ರಯೋಜನ? ಕೀಪ್‌ಅಲೈವ್‌ನ ಅವಧಿಯನ್ನು ಕೆಲವು ನಿಮಿಷಕ್ಕೆ ಇಳಿಸಿ. ಉತ್ತರ ಬರದಿದ್ದರೆ ಅದೇ ಮೆಸೇಜ್ ಮತ್ತೆ ಕಳಿಸುವ ಸೆಟ್ಟಿಂಗನ್ನೂ ಆನ್ ಮಾಡಿ.

ಮಷಿನ್‌ನ ಪಕ್ಕದಲ್ಲಿರುವ ಕಂಪ್ಯೂಟರ್ ಹಳೆಯದಾಗಿದ್ದರೆ ಬೇರೆಯದೇ ಕಥೆ. ವಿಂಡೋಸ್ ಎಕ್ಸ್‌ಪಿಗೆ ಬೆಂಬಲ 2014ರ ಏಪ್ರಿಲ್ 8ಕ್ಕೆ ನಿಂತಿತು, ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೆ. ಆದರೂ ಅವು ಲ್ಯಾಬ್‌ನಲ್ಲಿ ಓಡುತ್ತಲೇ ಇವೆ. ಮಷಿನ್ ಮಾಡಿದ ಕಂಪನಿ ಅದರ ಮೇಲೇ ಪರೀಕ್ಷೆ ಮಾಡಿ ಮಾನ್ಯ ಮಾಡಿರುತ್ತದೆ, ನಾವು ಸುಮ್ನೆ ಅಪ್‌ಗ್ರೇಡ್ ಮಾಡುವ ಹಾಗಿಲ್ಲ. ಎಕ್ಸ್‌ಪಿಗೆ ಟಿಎಲ್‌ಎಸ್ (ಸಂಪರ್ಕವನ್ನು ಸುರಕ್ಷಿತವಾಗಿಡುವ ವಿಧಾನ) ಆವೃತ್ತಿ 1.2 ಬರುವುದಿಲ್ಲ. ಹೊಸ ಸರ್ವರ್ 1.0 ಮತ್ತು 1.1 ಅನ್ನು ಒಪ್ಪುವುದಿಲ್ಲ, 2021ರಲ್ಲಿ ಅವೆರಡನ್ನೂ ಅಧಿಕೃತವಾಗಿಯೇ ಬಿಡಲು ಹೇಳಲಾಗಿದೆ. ಕೆಲವು ಮಷಿನ್‌ಗಳು ಫಲಿತಾಂಶವನ್ನು ಹಂಚಿಕೊಂಡ ಫೋಲ್ಡರ್‌ನಲ್ಲಿ ಫೈಲ್ ಆಗಿ ಹಾಕುತ್ತವೆ. ಅದು ಎಸ್‌ಎಂಬಿ (ಫೋಲ್ಡರ್ ಹಂಚಿಕೊಳ್ಳುವ ವಿಧಾನ) ಆವೃತ್ತಿ 1 ಬಳಸುತ್ತಿದ್ದರೆ ಹೊಸ ವಿಂಡೋಸ್ ಸರ್ವರ್‌ಗೆ ಆ ಫೋಲ್ಡರ್ ಕಾಣುವುದೇ ಇಲ್ಲ.

ಇಲ್ಲಿ ಒಂದು ಸೆಟ್ಟಿಂಗ್ ಸಡಿಲಿಸಿದರೆ ತಕ್ಷಣ ಎಲ್ಲ ಸರಿ ಹೋಗುತ್ತದೆ. ಮಾಡಬೇಡಿ. 2017ರ ಮೇ 12ರಂದು, ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವಾನ್ನಾಕ್ರೈ ಎಂಬ ದುಷ್ಟ ಸಾಫ್ಟ್‌ವೇರ್ ಹರಡಿದ್ದು ಇದೇ ಎಸ್‌ಎಂಬಿ 1ರ ಬಿರುಕಿನಿಂದ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ಸುಮಾರು ಮೂರನೇ ಒಂದರಷ್ಟು ಟ್ರಸ್ಟ್‌ಗಳಿಗೆ (ಆಸ್ಪತ್ರೆ ನಡೆಸುವ ಸಂಸ್ಥೆಗಳಿಗೆ) ಏಟು ಬಿತ್ತು. ಅದಕ್ಕೆ ಪ್ಯಾಚ್ ಮಾರ್ಚ್‌ನಲ್ಲೇ ಬಂದಿತ್ತು ಎನ್ನುವುದು ಇನ್ನೂ ಬೇಸರದ ಸಂಗತಿ. ಹಳೆ ಕಂಪ್ಯೂಟರನ್ನು ಪ್ರತ್ಯೇಕ ನೆಟ್‌ವರ್ಕ್‌ನಲ್ಲಿ ಇಡಿ. ಅದರ ಪಕ್ಕ ಒಂದು ಸಣ್ಣ, ಹೊಸ ಕಂಪ್ಯೂಟರ್ ಇಟ್ಟು, ಹಳೆಯದರಿಂದ ಫಲಿತಾಂಶ ತೆಗೆದುಕೊಂಡು ಸುರಕ್ಷಿತ ಸಂಪರ್ಕದಲ್ಲಿ ಮುಂದೆ ಕಳಿಸುವ ಕೆಲಸ ಅದಕ್ಕೆ ಕೊಡಿ.

ಸೀರಿಯಲ್ ಕೇಬಲ್‌ನ ಮಷಿನ್ ಆದರೆ ನೋಡಬೇಕಾದ್ದು ಕಡಿಮೆ. ಕಂಪ್ಯೂಟರ್ ಬದಲಿಸಿದಾಗ ಯುಎಸ್‌ಬಿ ಅಡಾಪ್ಟರ್‌ನ ಕಾಮ್ ಪೋರ್ಟ್ ನಂಬರ್ ಬದಲಾಗಿರುತ್ತದೆ, ಅಥವಾ 9600 ಬಾಡ್ ಇರಬೇಕಾದಲ್ಲಿ ಬೇರೆ ವೇಗ ಇರುತ್ತದೆ, ಅಥವಾ ವಿದ್ಯುತ್ ಉಳಿಸಲು ವಿಂಡೋಸ್ ಆ ಯುಎಸ್‌ಬಿಯನ್ನೇ ಮಲಗಿಸಿರುತ್ತದೆ. ಮಷಿನ್ ಮತ್ತೆ ಮತ್ತೆ ಎನ್‌ಕ್ಯೂ ("ಕಳಿಸಲಾ?" ಎಂಬ ಕರೆ) ಕಳಿಸುತ್ತಿದೆ, ಆಕ್ ("ಸರಿ" ಎಂಬ ಉತ್ತರ) ಬರುತ್ತಿಲ್ಲ ಎಂದು ಲಾಗ್‌ನಲ್ಲಿ ಕಂಡರೆ ಆ ತುದಿಯಲ್ಲಿ ಕೇಳುವವರೇ ಇಲ್ಲ ಎಂದರ್ಥ.

ಕೆಲವು ಮಾತ್ರ ಬರುತ್ತಿಲ್ಲ

ತಲೆ ತಿನ್ನುವುದು ಈ ಭಾಗ. ಇಲ್ಲಿ ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಇಂಥ ದೋಷಗಳಲ್ಲಿ ಬಹುಪಾಲು ಹೊಸ ಸಿಸ್ಟಮ್‌ನ ತಪ್ಪೂ ಅಲ್ಲ, ಹಳೆಯದರ ತಪ್ಪೂ ಅಲ್ಲ. ಹಳೆ ಸಿಸ್ಟಮ್ ವರ್ಷಗಟ್ಟಲೆ ಸದ್ದಿಲ್ಲದೆ ಏನನ್ನೋ ತಿದ್ದಿ ಕಳಿಸುತ್ತಿತ್ತು. ಅದನ್ನು ಯಾರೂ ಬರೆದಿಡಲಿಲ್ಲ. ಹೊಸದು ತಿದ್ದುವುದಿಲ್ಲ. ಅಷ್ಟೇ. ಆದ್ದರಿಂದ ಹಳೆ ಸರ್ವರ್ ಆಫ್ ಮಾಡುವ ಮುಂಚೆ ಅದರಲ್ಲಿದ್ದ ಇಂಟರ್‌ಫೇಸ್ ಸ್ಕ್ರಿಪ್ಟ್‌ಗಳನ್ನು ಒಂದೊಂದಾಗಿ ಓದಿ. "ಹೀಗಿದ್ದರೆ ಹಾಗೆ ಮಾಡು" ಎಂಬ ಪ್ರತಿ ಸಾಲಿನ ಹಿಂದೆ ಎಂದೋ ನಡೆದ ಒಂದು ಗಲಾಟೆ ಇರುತ್ತದೆ.

ರೋಗಿ ನಂಬರ್‌ನಿಂದ ಶುರು ಮಾಡಿ. ಮೆಸೇಜ್‌ನಲ್ಲಿ ರೋಗಿಯ ವಿವರ ಇರುವ ಪಿಐಡಿ ಸಾಲಿನ 3ನೇ ಖಾನೆ ತೆರೆಯಿರಿ. ಲ್ಯಾಬ್ ಕಳಿಸಿದ್ದು 00451207. ಹೊಸ ದಾಖಲೆಯಲ್ಲಿರುವುದು 451207. ಮನುಷ್ಯರ ಕಣ್ಣಿಗೆ ಎರಡೂ ಒಂದೇ, ಸಾಫ್ಟ್‌ವೇರ್‌ಗೆ ಬೇರೆ ಬೇರೆ ರೋಗಿಗಳು. ಮುಂದಿನ ಸೊನ್ನೆಗಳು ಎಲ್ಲಿ ಹೋದವು ಎಂದು ಹುಡುಕುತ್ತಾ ಹೋದರೆ ಎಷ್ಟೋ ಸಲ ಒಂದೇ ಜಾಗಕ್ಕೆ ಬರುತ್ತೀರಿ: ಹಳೆ ಡೇಟಾವನ್ನು ಸಿಎಸ್‌ವಿ ಫೈಲ್ ಮಾಡಿದಾಗ ಯಾರೋ "ಒಮ್ಮೆ ನೋಡೋಣ" ಎಂದು ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಿರುತ್ತಾರೆ. ಎಕ್ಸೆಲ್ ಅದನ್ನು ಸಂಖ್ಯೆ ಎಂದುಕೊಂಡು ಸೊನ್ನೆಗಳನ್ನು ನುಂಗಿರುತ್ತದೆ. ಇದರ ಗುರುತು ಏನೆಂದರೆ, ಹೊಸದಾಗಿ ನೋಂದಾಯಿಸಿದ ರೋಗಿಗಳ ರಿಪೋರ್ಟ್ ಸರಿಯಾಗಿ ಬರುತ್ತದೆ, ಹಳಬರದ್ದು ಮಾತ್ರ ಬರುವುದಿಲ್ಲ. ಎಂಜಿನ್‌ನಲ್ಲಿ ಸೊನ್ನೆ ಕತ್ತರಿಸುವ ಸಾಲು ಸೇರಿಸಿ ಕೈ ತೊಳೆದುಕೊಳ್ಳುವ ಆಸೆ ಆಗುತ್ತದೆ. ಅದಕ್ಕೆ ಮುಂಚೆ 0451207 ಮತ್ತು 00451207 ಎಂಬ ಇಬ್ಬರು ಬೇರೆ ರೋಗಿಗಳು ಇಲ್ಲ ಎಂದು ಹಳೆ ಡೇಟಾದಲ್ಲಿ ಖಚಿತ ಮಾಡಿಕೊಳ್ಳಿ. ಇದ್ದರೆ ಇಬ್ಬರನ್ನೂ ನೀವೇ ಒಬ್ಬರನ್ನಾಗಿ ಮಾಡಿದಂತೆ ಆಗುತ್ತದೆ.

ಮುಂದಿನದು ಟೆಸ್ಟ್ ಕೋಡ್ ಮತ್ತು ಅಳತೆಯ ಘಟಕ. ಫಲಿತಾಂಶ ಇರುವ ಓಬಿಎಕ್ಸ್ ಸಾಲಿನ 3ನೇ ಖಾನೆಯಲ್ಲಿ ಕೋಡ್, 5ರಲ್ಲಿ ಬೆಲೆ (ಅಳತೆಯಲ್ಲಿ ಬಂದ ಸಂಖ್ಯೆ), 6ರಲ್ಲಿ ಘಟಕ. ಲ್ಯಾಬ್ ಟೆಸ್ಟ್‌ಗಳಿಗೆ ಎಲ್ಲೆಡೆ ಬಳಸುವ ಲಾಯಿಂಕ್ ಕೋಡ್ ಪಟ್ಟಿಯಲ್ಲಿ ರಕ್ತದ ಗ್ಲೂಕೋಸ್‌ಗೆ ಒಂದೇ ಕೋಡ್ ಇಲ್ಲ. ಮಿಲಿಗ್ರಾಂನಲ್ಲಿ ಹೇಳಿದರೆ 2345-7, ಮಿಲಿಮೋಲ್‌ನಲ್ಲಿ ಹೇಳಿದರೆ 14749-6. ಡೆಸಿಲೀಟರ್‌ಗೆ 126 ಮಿಲಿಗ್ರಾಂ ಎಂದರೆ ಲೀಟರ್‌ಗೆ 7.0 ಮಿಲಿಮೋಲ್, ಸುಮಾರು 18ರಿಂದ ಭಾಗಿಸಿದರೆ ಆಯಿತು. ಕೋಡ್ ಪಟ್ಟಿ ತಪ್ಪಿ 7 ಎಂಬ ಸಂಖ್ಯೆ ಮಿಲಿಗ್ರಾಂ ಖಾನೆಯಲ್ಲಿ ಕೂತರೆ ಡಾಕ್ಟರ್‌ಗೆ ಸಕ್ಕರೆ ಪಾತಾಳಕ್ಕೆ ಇಳಿದಂತೆ ಕಾಣುತ್ತದೆ. ಹೊಸ ಸಾಫ್ಟ್‌ವೇರ್ ಅದನ್ನು ಸಾಧ್ಯವಿಲ್ಲದ ಬೆಲೆ ಎಂದು ತಿರಸ್ಕರಿಸಿದರೆ ಅದೃಷ್ಟ. ಹಾಗೆ ತಿರಸ್ಕೃತವಾದದ್ದನ್ನು ಕಂಡು "ಮಿತಿಯನ್ನು ಸ್ವಲ್ಪ ಸಡಿಲಿಸಿ" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ವಿಚಿತ್ರವಾದ ದೂರು ಒಂದಿದೆ: "ನಾರ್ಮಲ್ ಇದ್ದವರ ಟ್ರೋಪೋನಿನ್ ಬರಲ್ಲ, ಜಾಸ್ತಿ ಇದ್ದವರದ್ದು ಬರುತ್ತೆ." (ಟ್ರೋಪೋನಿನ್ ಎಂದರೆ ಹೃದಯಾಘಾತ ಪತ್ತೆಗೆ ಮಾಡುವ ರಕ್ತಪರೀಕ್ಷೆ.) ಕೇಳಿದಾಗ ಯಾರೂ ನಂಬುವುದಿಲ್ಲ. ಆದರೆ ತೀರಾ ಕಡಿಮೆ ಬೆಲೆಯನ್ನು ಮಷಿನ್ ಸಂಖ್ಯೆಯಾಗಿ ಕೊಡುವುದಿಲ್ಲ, <0.01 ಎಂದು ಕೊಡುತ್ತದೆ. ಓಬಿಎಕ್ಸ್‌ನ 2ನೇ ಖಾನೆಯಲ್ಲಿ ಎನ್‌ಎಂ, ಅಂದರೆ "ಇದು ಸಂಖ್ಯೆ" ಎಂದು ಬರೆದಿರುತ್ತದೆ. ಆ < ಗುರುತು ಸಂಖ್ಯೆಯಲ್ಲವಲ್ಲ. ಹಳೆಯದು ನೋಡಿಯೂ ನೋಡದಂತೆ ಬಿಡುತ್ತಿತ್ತು, ಹೊಸದು ಮೆಸೇಜನ್ನೇ ಎಸೆಯುತ್ತದೆ. ಅಂಥ ಬೆಲೆಗೆ ವಿಧ ಎಸ್‌ಎನ್ (ಗುರುತಿನ ಜೊತೆ ಸಂಖ್ಯೆ) ಅಥವಾ ಎಸ್‌ಟಿ (ಬರೀ ಪಠ್ಯ) ಆಗಬೇಕು. ಎಸ್‌ಎನ್ ಹಾಕುವುದಾದರೆ < ಗುರುತನ್ನೂ ಸಂಖ್ಯೆಯನ್ನೂ ಬೇರೆ ಬೇರೆ ಭಾಗದಲ್ಲಿ ಇಡಬೇಕು. < ಅನ್ನು ಕಿತ್ತುಹಾಕಿ 0.01 ಎಂದು ಕಳಿಸುವ ಉಪಾಯ ಮಾತ್ರ ಬೇಡ, ಅದು ರಿಪೋರ್ಟನ್ನೇ ತಿದ್ದಿದಂತೆ.

ಅಕ್ಷರಗಳ ಕಾಟ ಇನ್ನೊಂದು. ಎಚ್‌ಎಲ್7ನಲ್ಲಿ & ಗುರುತಿಗೆ ಬೇರೆ ಅರ್ಥ ಇದೆ, ಅದು ಉಪಭಾಗಗಳನ್ನು ಬೇರೆ ಮಾಡುತ್ತದೆ. ಲ್ಯಾಬ್‌ನವರು ಟಿಪ್ಪಣಿಯಲ್ಲಿ ಅದನ್ನು ಹಾಗೇ ಟೈಪ್ ಮಾಡಿದರೆ ಅಲ್ಲಿಂದಾಚೆ ಟಿಪ್ಪಣಿ ತುಂಡಾಗುತ್ತದೆ. ಕಳಿಸುವ ಕಡೆಯೇ ಅದನ್ನು ಎಸ್ಕೇಪ್ ಗುರುತಾಗಿ, ಅಂದರೆ ಬೇರ್ಪಡಿಸುವ ಅರ್ಥ ಬರದ ಸಂಕೇತವಾಗಿ ಬದಲಿಸಬೇಕು. ಮೈಕ್ರೋ ಎಂಬುದರ µ ಗುರುತಿನ ಮುಂದೆ ಟೊಪ್ಪಿ ಹಾಕಿದ ಒಂದು ಅಕ್ಷರ ಹೆಚ್ಚಿಗೆ ಕಂಡರೆ, ಯುಟಿಎಫ್-8 ಎಂಬ ಅಕ್ಷರ ಸಂಕೇತದಲ್ಲಿ ಕಳಿಸಿದ್ದನ್ನು ಲ್ಯಾಟಿನ್-1 ಎಂಬ ಬೇರೆ ಸಂಕೇತ ಎಂದು ಓದುತ್ತಿದ್ದಾರೆ. ಎಂಎಸ್‌ಎಚ್-18, ಅಂದರೆ ಮೆಸೇಜ್‌ನ ಮೊದಲ ಸಾಲಾದ ಎಂಎಸ್‌ಎಚ್‌ನ 18ನೇ ಖಾನೆ ನೋಡಿ, ಯಾವ ಸಂಕೇತ ಎಂಬುದು ಅಲ್ಲಿರಬೇಕು. ಸಾಲು ಮುಗಿಯುವ, ಕಣ್ಣಿಗೆ ಕಾಣದ ಗುರುತು 0ಡಿ ಎಂಬ ಬೈಟ್ ಮಾತ್ರ ಇರಬೇಕು. ಹಳೆ ಸಾಫ್ಟ್‌ವೇರ್ 0ಡಿ ಜೊತೆ 0ಎ ಕೂಡ ಸೇರಿಸುತ್ತಿದ್ದರೆ ಹೊಸದಕ್ಕೆ ಎರಡನೇ ಸಾಲಿನ ಹೆಸರೇ ಅರ್ಥವಾಗುವುದಿಲ್ಲ.

ಸಮಯದ ವಿಷಯ ಬೇಗ ಹೇಳಿಬಿಡುತ್ತೇನೆ. ಮಷಿನ್‌ನ ಗಡಿಯಾರ ಕೆಲವು ನಿಮಿಷ ಹಿಂದಿದ್ದರೂ, ಸ್ಯಾಂಪಲ್ ತೆಗೆಯುವ ಮುಂಚೆಯೇ ಫಲಿತಾಂಶ ಬಂದಂತೆ ಲೆಕ್ಕವಾಗಿ ತಿರಸ್ಕಾರ ಆಗಬಹುದು. ಹೊಸ ಸರ್ವರ್ ಭಾರತದ ಸಮಯದ ಬದಲು ಯುಟಿಸಿ ಎಂಬ ಜಾಗತಿಕ ಸಮಯದಲ್ಲಿದ್ದು ಮೆಸೇಜ್‌ನಲ್ಲಿ ಸಮಯವಲಯ ಬರೆದಿಲ್ಲದಿದ್ದರೆ ನಡುರಾತ್ರಿಯ ರಿಪೋರ್ಟ್ ಬೇರೆ ತಾರೀಕಿಗೆ ಹೋಗಿ ಕೂರುತ್ತದೆ. ಡಾಕ್ಟರ್ "ಇಂದು" ಎಂಬ ಫಿಲ್ಟರ್ ಹಾಕಿ ನೋಡುತ್ತಾರೆ, ಕಾಣುವುದಿಲ್ಲ.

"ಎಎ" ಬಂದಿದೆ, ಆದರೂ ಇಲ್ಲ

ಮೆಸೇಜ್ ಕಳಿಸಿದ ಮೇಲೆ ಉತ್ತರ ಬರುತ್ತದೆ. ಅದರ ಎಂಎಸ್‌ಎ ಸಾಲಿನ ಮೊದಲ ಖಾನೆಯಲ್ಲಿ ಎಎ ಇದ್ದರೆ ಒಪ್ಪಿಗೆ, ಎಇ ಇದ್ದರೆ ದೋಷ, ಎಆರ್ ಇದ್ದರೆ ತಿರಸ್ಕಾರ. ಎಎ ನೋಡಿದ ಕೂಡಲೇ ಲ್ಯಾಬ್ ಕಡೆಯವರು ಕೈ ಕಟ್ಟಿ ಕೂರುತ್ತಾರೆ. ಎಎ ಎಂದರೆ ಅಲ್ಲಿಯ ಸಾಫ್ಟ್‌ವೇರ್ "ಸರಿ" ಎಂದಿದೆ, ಅಷ್ಟೇ. ಡಾಕ್ಟರ್ ಕಣ್ಣಿಗೆ ಬಿದ್ದಿದೆ ಎಂದಲ್ಲ.

ಎಎ ಬಂದೂ ಮಾಯವಾಗುವುದಕ್ಕೆ ಎರಡು ಕಾರಣ ಮೊದಲು ನೋಡಿ. ಒಂದು, ಎಂಎಸ್‌ಎಚ್-10, ಅಂದರೆ ಪ್ರತಿ ಮೆಸೇಜ್‌ನ ಗುರುತಿನ ಸಂಖ್ಯೆ. ಎಣಿಸುವಾಗ ಹುಷಾರು, ಈ ಸಾಲಿನಲ್ಲಿ ಮೊದಲ ಪೈಪ್ ಗೆರೆಯನ್ನೇ 1ನೇ ಖಾನೆ ಎಂದು ಲೆಕ್ಕ ಹಾಕುತ್ತಾರೆ. ಹಳೆ ಲ್ಯಾಬ್ ಸಾಫ್ಟ್‌ವೇರ್ ರೀಸ್ಟಾರ್ಟ್ ಆದಾಗಲೆಲ್ಲ 1ರಿಂದ ಮತ್ತೆ ಎಣಿಸಲು ಶುರು ಮಾಡಿದರೆ, ಹೊಸ ಎಂಜಿನ್ "ಇದು ಆಗಲೇ ಬಂದಿದೆ" ಎಂದುಕೊಂಡು ಎಎ ಕೊಟ್ಟು ಮೆಸೇಜನ್ನು ಬಿಸಾಡುತ್ತದೆ. ಗುರುತು: ರೀಸ್ಟಾರ್ಟ್ ಆದ ಮೇಲೆ ಕೆಲವು ಹೊತ್ತು ರಿಪೋರ್ಟ್ ಬರುವುದಿಲ್ಲ, ಆಮೇಲೆ ತಾನಾಗಿ ಸರಿ ಹೋಗುತ್ತದೆ. "ತಾನಾಗಿ ಸರಿ ಹೋಯ್ತು" ಎಂದು ಕಡತ ಮುಚ್ಚಿದರೆ ಆ ನಡುವಿನವು ಶಾಶ್ವತವಾಗಿ ಹೋದವು.

ಇನ್ನೊಂದು, ಹೊಂದದ ಫಲಿತಾಂಶಗಳ ಪಟ್ಟಿ. ರೋಗಿಗೋ ಆರ್ಡರ್‌ಗೋ ತಾಳೆಯಾಗದ ರಿಪೋರ್ಟನ್ನು ಹೊಸ ಸಾಫ್ಟ್‌ವೇರ್ ಸಾಮಾನ್ಯವಾಗಿ ಎಸೆಯುವುದಿಲ್ಲ. ಯಾರಾದರೂ ನೋಡಿ ಸೇರಿಸಲಿ ಎಂದು ಪಕ್ಕದ ಪಟ್ಟಿಯಲ್ಲಿ ಇಡುತ್ತದೆ. ಆ ಪಟ್ಟಿ ನೋಡುವ ಕೆಲಸ ಯಾರದು? ಲ್ಯಾಬ್‌ನವರಿಗೆ ಕೇಳಿ, ರೆಕಾರ್ಡ್ ವಿಭಾಗ ಎನ್ನುತ್ತಾರೆ. ಅವರಿಗೆ ಕೇಳಿ, ಐಟಿ ಎನ್ನುತ್ತಾರೆ. ನಿಮ್ಮ ಹುಡುಕಾಟದಲ್ಲಿ ಈ ಪಟ್ಟಿಯನ್ನು ಬೇಗ ತೆರೆಯಿರಿ. ಅಲ್ಲಿ ಕೂತಿರುವವು ನಿಮ್ಮ ದೂರಿನ ಒಂದೇ ರಿಪೋರ್ಟ್ ಆಗಿರುವುದಿಲ್ಲ.

ರಿಪೋರ್ಟ್ ಸೇರಿದೆ, ಆದರೆ ರೋಗಿಯ ಹಿಂದಿನ ಭೇಟಿಗೆ ಸೇರಿದೆ ಎಂಬುದೂ ಉಂಟು. ಡಾಕ್ಟರ್ ಸ್ಕ್ರೀನ್ ಈಗಿನ ದಾಖಲಾತಿಯದ್ದನ್ನಷ್ಟೇ ತೋರಿಸುತ್ತಿರುತ್ತದೆ. ನಿಮ್ಮ ಅಡ್ಮಿನ್ ಲಾಗಿನ್‌ನಲ್ಲಿ ಎಲ್ಲವೂ ಕಾಣುವುದರಿಂದ "ನನಗೆ ಕಾಣ್ತಿದೆಯಲ್ಲ" ಎಂದುಬಿಡುತ್ತೀರಿ. ದೂರು ಕೊಟ್ಟವರ ಪಕ್ಕ ಕೂತು, ಅವರ ಲಾಗಿನ್‌ನಲ್ಲೇ ನೋಡಿ.

ಸರಿ ಮಾಡಿದ ಮೇಲೆ

ನಿಂತದ್ದನ್ನೆಲ್ಲ ಒಂದೇ ಏಟಿಗೆ ಮರಳಿ ಕಳಿಸಬೇಡಿ. ಒಂದೇ ಸ್ಯಾಂಪಲ್‌ಗೆ ಮೊದಲು ತಾತ್ಕಾಲಿಕ, ಆಮೇಲೆ ಅಂತಿಮ, ಆಮೇಲೆ ತಿದ್ದಿದ ಫಲಿತಾಂಶ ಬಂದಿರಬಹುದು. ಓಬಿಎಕ್ಸ್‌ನ 11ನೇ ಖಾನೆಯಲ್ಲಿ ಕ್ರಮವಾಗಿ ಪಿ, ಎಫ್, ಸಿ ಎಂದು ಅದು ಇರುತ್ತದೆ. ಕ್ರಮ ತಪ್ಪಿ ಹಳೆಯ ಪಿ ಕೊನೆಗೆ ಹೋದರೆ ತಿದ್ದಿದ ರಿಪೋರ್ಟ್ ಮೇಲೆ ಅದು ಕೂರುತ್ತದೆ. ಮೊದಲು ಒಬ್ಬ ರೋಗಿಯದ್ದು ಕಳಿಸಿ, ಸ್ಕ್ರೀನ್ ನೋಡಿ, ಆಮೇಲೆ ಸಮಯದ ಕ್ರಮದಲ್ಲಿ ಉಳಿದವು. ಕಳಿಸುವ ಮುಂಚೆ ವಾರ್ಡ್‌ಗಳಿಗೆ ತಿಳಿಸಿ. ಇಲ್ಲದಿದ್ದರೆ ನಿನ್ನೆಯ ಅಪಾಯದ ಸೂಚನೆಗಳು ಇಂದಿನವು ಎಂಬಂತೆ ಒಟ್ಟಿಗೆ ಮಿನುಗಿ ಎಲ್ಲರೂ ಓಡಾಡುವಂತಾಗುತ್ತದೆ.

ಆಮೇಲೆ ತಾಳೆ ನೋಡಿ. ಆ ಅವಧಿಯಲ್ಲಿ ಲ್ಯಾಬ್ ಓಕೆ ಮಾಡಿದ ಸ್ಯಾಂಪಲ್‌ಗಳ ಪಟ್ಟಿ ಒಂದು ಕಡೆ, ರೋಗಿ ದಾಖಲೆಗೆ ಸೇರಿದವುಗಳ ಪಟ್ಟಿ ಇನ್ನೊಂದು ಕಡೆ. ಒಟ್ಟು ಸಂಖ್ಯೆ ಹೊಂದಿದರೆ ಸಾಲದು, ಬಾರ್‌ಕೋಡ್‌ಗೆ ಬಾರ್‌ಕೋಡ್ ಹೊಂದಬೇಕು. ಒಂದು ಹೋಗಿ ಇನ್ನೊಂದು ಎರಡು ಸಲ ಬಂದಿದ್ದರೂ ಒಟ್ಟು ಸರಿಯೇ ಇರುತ್ತದೆ ಅಲ್ವಾ. ಹಾಗೇ ಎಂಜಿನ್‌ನಲ್ಲಿ ಎರಡು ಎಚ್ಚರಿಕೆ ಇಡಿ: ಕ್ಯೂ ಒಂದು ಮಿತಿ ದಾಟಿದರೆ ಒಂದು, ಲ್ಯಾಬ್ ಚುರುಕಾಗಿರುವ ಹೊತ್ತಿನಲ್ಲಿ ಅರ್ಧ ಗಂಟೆ ಒಂದೂ ಮೆಸೇಜ್ ಬರದಿದ್ದರೆ ಇನ್ನೊಂದು. ಎರಡನೆಯದನ್ನು ಹೆಚ್ಚಿನವರು ಇಡುವುದೇ ಇಲ್ಲ, ಏನೂ ಬರದಿದ್ದಾಗ ಲಾಗ್‌ನಲ್ಲಿ ಕೆಂಪು ಸಾಲೂ ಇರುವುದಿಲ್ಲವಲ್ಲ.

ಇಷ್ಟಾದರೂ ಸಿಗದಿದ್ದರೆ ಸಾಫ್ಟ್‌ವೇರ್ ಕೊಟ್ಟವರನ್ನು ಕರೆಯಬೇಕು. ಬಾರದ ಒಂದು ಮೆಸೇಜ್, ಸರಿಯಾಗಿ ಬಂದ ಒಂದು ಮೆಸೇಜ್, ಎರಡಕ್ಕೂ ಸಿಕ್ಕ ಉತ್ತರ, ಮೂರೂ ಕಡೆಯ ಸಮಯ, ಇಷ್ಟು ಕಳಿಸಿ. ರೋಗಿಯ ಹೆಸರು, ಹುಟ್ಟಿದ ದಿನ, ನಂಬರ್ ಮರೆಮಾಡಿ. ಆದರೆ ಅಕ್ಷರಗಳ ಎಣಿಕೆ ಬದಲಾಗದಂತೆ ಮರೆಮಾಡಿ, ನಂಬರ್‌ನ ಮುಂದಿನ ಸೊನ್ನೆಗಳನ್ನೂ ಹಾಗೇ ಬಿಡಿ. ಮತ್ತೆ, ಸ್ಕ್ರೀನ್‌ನ ಫೋಟೋ ಹೊಡೆದು ಕಳಿಸಬೇಡಿ, ಮೂಲ ಫೈಲನ್ನೇ ಜಿಪ್ ಮಾಡಿ ಕಳಿಸಿ. ಸಾಲಿನ ಕೊನೆಯಲ್ಲಿರುವುದು 0ಡಿಯೋ 0ಎಯೋ ಎಂಬುದು ಫೋಟೋದಲ್ಲಿ ಯಾರಿಗೂ ಕಾಣುವುದಿಲ್ಲ.